ಚಂದ್ರನ ನೆರಳನ್ನು ಗುರುತಿಸಿದ ಕಣ್ಣು

ಕಲೆಯಿಂದ ವಿಜ್ಞಾನಕ್ಕೆ ನಿಜವಾಗಿ ಉಪಯೋಗ ಆದ ಒಂದಾದರೂ ಗಟ್ಟಿ ಉದಾಹರಣೆ ಇದೆಯಾ, ಇಲ್ಲ ಸುಮ್ನೆ ಹೋಲಿಕೆ ಹುಡುಕುತ್ತಾರಾ ಅಂತ ಕೇಳಿದ್ದೀರಿ. ಇದೆ. ಅಮೆರಿಕದ ಕಲಾ ಇತಿಹಾಸಕಾರ ಸ್ಯಾಮ್ಯುಯೆಲ್ ಎಡ್ಜರ್ಟನ್ ಗೆಲಿಲಿಯೊ ಬಗ್ಗೆ ಮಾಡಿದ ಕೆಲಸ ನೋಡಿ.

1609ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಗಣಿತಜ್ಞ ಥಾಮಸ್ ಹ್ಯಾರಿಯಟ್ ದೂರದರ್ಶಕದಲ್ಲಿ ಚಂದ್ರನನ್ನು ನೋಡಿ ಚಿತ್ರ ಬರೆದ. ಬೆಳಕು-ಕತ್ತಲಿನ ಗಡಿ ಅಂಕುಡೊಂಕಾಗಿ ಬಂತು, ಅಷ್ಟೇ. ಕೆಲವೇ ತಿಂಗಳಲ್ಲಿ ಗೆಲಿಲಿಯೊ ಅದೇ ಚಂದ್ರನಲ್ಲಿ ಬೆಟ್ಟ, ತಗ್ಗುಗಳನ್ನು ಕಂಡ. ಕತ್ತಲಿನ ಕಡೆ ಹೊಳೆಯುವ ಚುಕ್ಕೆಗಳು ಬಿಸಿಲು ಬಿದ್ದ ಶಿಖರಗಳು ಎಂದು ತಿಳಿದು, ಎತ್ತರವನ್ನೂ ಲೆಕ್ಕ ಹಾಕಿದ. ಫ್ಲಾರೆನ್ಸಿನಲ್ಲಿ ಚಿತ್ರಕಲೆ, ನೆರಳು ಹಾಕುವ ರೀತಿ ಗೊತ್ತಿದ್ದವನಿಗೆ ಚಂದ್ರನ ಮೇಲಿನ ಕಪ್ಪು ಮಚ್ಚೆಗಳು ನೆರಳಾಗಿ ಕಂಡವು ಎನ್ನುವುದು ಎಡ್ಜರ್ಟನ್ ವಾದ.

ಪೂರ್ತಿ ಒಪ್ಪಬೇಕಿಲ್ಲ. ಹ್ಯಾರಿಯಟ್‌ನ ದೂರದರ್ಶಕ ಸುಮಾರು 6 ಪಟ್ಟು ದೊಡ್ಡದು ಮಾಡುತ್ತಿತ್ತು, ಗೆಲಿಲಿಯೊನದು ಸುಮಾರು 20 ಪಟ್ಟು. ಇದು ಸಣ್ಣ ವ್ಯತ್ಯಾಸ ಅಲ್ವಲ್ಲ! ಆದರೂ 1610ರಲ್ಲಿ ಚಂದ್ರನ ಚಿತ್ರಗಳಿದ್ದ ಗೆಲಿಲಿಯೊನ ಪುಸ್ತಕ ಬಂದ ಮೇಲೆ ಹ್ಯಾರಿಯಟ್ ಬರೆದ ಚಿತ್ರಗಳಲ್ಲಿ ಕುಳಿಗಳು ಕಾಣಿಸಿಕೊಂಡವು. ನನಗೆ ವಾದದ ಈ ಭಾಗವೇ ಜಾಸ್ತಿ ಹಿಡಿಸಿದ್ದು.

ಪ್ರಭಾವ ತಿರುಗಿ ವಿಜ್ಞಾನದಿಂದ ಕಲೆಗೂ ಹರಿಯಿತು. ಗೆಲಿಲಿಯೊನ ಗೆಳೆಯ, ಚಿತ್ರಕಾರ ಚಿಗೋಲಿ 1612ರಲ್ಲಿ ರೋಮಿನ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಮೇರಿಯ ಕಾಲಡಿಗೆ ಕುಳಿಬಿದ್ದ ಚಂದ್ರನನ್ನೇ ಬರೆದ.