ಹಳೆಯ ಸೆಸ್ನಾಕ್ಕೆ ಹೊಸ ಪ್ಯಾನೆಲ್: ಪರದೆ ಆರಿಸುವ ಮೊದಲು

ನೀವು ಕೇಳಿದ್ದು: "ನಮ್ಮ ಕುಟುಂಬದ ಹತ್ತಿರ 1976ರ ಸೆಸ್ನಾ 172 ಸಣ್ಣ ವಿಮಾನ ಇದೆ. ಜಕ್ಕೂರಿನಲ್ಲಿ ನಿಲ್ಲಿಸುತ್ತೇವೆ, ಆಗಾಗ ಶಿವಮೊಗ್ಗಕ್ಕೆ ಹಾರಿಸಿಕೊಂಡು ಬರುತ್ತೇವೆ. ಪ್ಯಾನೆಲ್‌ನಲ್ಲಿರುವ ಮೀಟರುಗಳೆಲ್ಲ ಹಳೆಯವು. ಡಿಜಿಟಲ್ ಪರದೆ ಹಾಕಿಸಬೇಕು. ಯಾವುದು ಒಳ್ಳೆಯದು, ಎಲ್ಲಿಂದ ಶುರು ಮಾಡಲಿ?"

ನಾನು ತೀರ್ಥಹಳ್ಳಿ ಕಡೆಯವನು. ಏವಿಯಾನಿಕ್ಸ್ (ವಿಮಾನದ ಎಲೆಕ್ಟ್ರಾನಿಕ್ಸ್) ವಿಭಾಗದ ಎಎಂಇ, ಅಂದರೆ ವಿಮಾನ ನಿರ್ವಹಣಾ ಎಂಜಿನಿಯರ್ ಆಗಿ 22 ವರ್ಷ ಸಣ್ಣ ವಿಮಾನಗಳ ಕೆಲಸ ಮಾಡಿದ್ದೇನೆ. ಈಗ ಊರಲ್ಲಿದ್ದೇನೆ. ಯಾವ ಪರದೆ ಅನ್ನುವುದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕಿಂತ ಮೊದಲು, ಈಗಿರುವ ಒಂದೊಂದು ಮೀಟರೂ ಎಲ್ಲಿಂದ ಜೀವ ಪಡೆಯುತ್ತಿದೆ ಅಂತ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ.

ನಿಮ್ಮ ಎದುರಿಗಿರುವ ಆರು ಮುಖ್ಯ ಮೀಟರುಗಳಿಗೆ ಮೂರು ಬೇರೆ ಬೇರೆ ಮೂಲಗಳಿವೆ. ವೇಗ, ಎತ್ತರ, ಏರಿಳಿತ ತೋರಿಸುವ ಮೂರೂ ಹೊರಗಿನ ಗಾಳಿಯ ಒತ್ತಡದಿಂದ ಕೆಲಸ ಮಾಡುತ್ತವೆ. ದಿಗಂತ ತೋರಿಸುವ ಗೈರೋ (ವೇಗವಾಗಿ ತಿರುಗುವ ಚಕ್ರವಿರುವ ಮೀಟರು) ಮತ್ತು ದಿಕ್ಕು ತೋರಿಸುವ ಗೈರೋ ಎರಡನ್ನೂ ತಿರುಗಿಸುವುದು ಎಂಜಿನ್‌ಗೆ ಜೋಡಿಸಿದ ವ್ಯಾಕ್ಯೂಮ್ ಪಂಪು. ವಿಮಾನ ಎಷ್ಟು ಬೇಗ ತಿರುಗುತ್ತಿದೆ ಅಂತ ತೋರಿಸುವ ಟರ್ನ್ ಕೋಆರ್ಡಿನೇಟರ್ ಮಾತ್ರ ಕರೆಂಟಿನದು. ಇದು ಬೇಕೆಂದೇ ಮಾಡಿದ ಏರ್ಪಾಡು. ಪಂಪು ನಿಂತರೆ ಕರೆಂಟಿನದು ಉಳಿಯಲಿ, ಕರೆಂಟು ಹೋದರೆ ಪಂಪಿನದು ಉಳಿಯಲಿ ಅಂತ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಯುಪಿಎಸ್ ಇದ್ದರೂ ಅಡುಗೆಮನೆ ಗೂಡಿನಲ್ಲಿ ಚಿಮಣಿ ಬುಡ್ಡಿ, ಬೆಂಕಿಪೊಟ್ಟಣ ಇಟ್ಟಿರುತ್ತೇವಲ್ಲ, ಅದೇ ಲೆಕ್ಕ.

ಪೂರ್ತಿ ಡಿಜಿಟಲ್ ಮಾಡಿಸಿದಾಗ ಆಗುವುದೇನೆಂದರೆ ಮೂರು ಮೂಲಗಳ ಭಾರವೆಲ್ಲ ಕರೆಂಟೊಂದರ ತಲೆ ಮೇಲೆ ಬೀಳುತ್ತದೆ. ಹಾಗಂತ ಹಳೆಯದನ್ನೇ ಇಟ್ಟುಕೊಳ್ಳಿ ಅಂತ ನಾನು ಹೇಳುತ್ತಿಲ್ಲ. ಒಣ ವ್ಯಾಕ್ಯೂಮ್ ಪಂಪಿನ ಒಳಗಿರುವುದು ಇಂಗಾಲದ ಅಲಗುಗಳು. ಅವು ಸವೆದು ಸವೆದು ಒಂದು ದಿನ ಯಾವ ಸೂಚನೆಯನ್ನೂ ಕೊಡದೆ ಮುರಿಯುತ್ತವೆ. ಅದಕ್ಕಿಂತ ಕೆಟ್ಟದ್ದು ಆಮೇಲೆ ಆಗುತ್ತದೆ. ಗೈರೋ ತಕ್ಷಣ ಬೀಳುವುದಿಲ್ಲ, ನಿಧಾನವಾಗಿ ವಾಲುತ್ತದೆ. ಮೋಡದೊಳಗಿರುವ ಪೈಲಟ್ ಅದನ್ನೇ ನಂಬಿ ಜೊತೆಗೆ ತಾನೂ ವಾಲುತ್ತಾನೆ. ಆ ಪಂಪನ್ನು ತೆಗೆಸುವುದು ಒಳ್ಳೆಯ ನಿರ್ಧಾರವೇ. ತೆಗೆಸಿದ ಮೇಲೆ, ಒಂದು ಮೂಲ ಹೋದರೆ ಇನ್ನೊಂದು ಉಳಿಯುವ ಆ ಬೇರೆತನವನ್ನು ಮತ್ತೆ ಕಟ್ಟಿಕೊಡಬೇಕು.

ಅದಕ್ಕೆ ನಾನು ಸಾಮಾನ್ಯವಾಗಿ ಹೇಳುವ ದಾರಿ: ಗಾರ್ಮಿನ್ ಜಿ5ನಂಥ ಸಣ್ಣ ಉಪಕರಣ ಎರಡು, ಒಂದರ ಕೆಳಗೊಂದು. ಮೇಲಿನದು ದಿಗಂತ, ಕೆಳಗಿನದು ದಿಕ್ಕು. ಮೇಲಿನದು ಕೆಟ್ಟರೆ ಕೆಳಗಿನದು ದಿಗಂತವಾಗಿ ಬದಲಾಗುತ್ತದೆ. ಬ್ಯಾಕಪ್ ಬ್ಯಾಟರಿ ಹಾಕಿಸಿದರೆ ವಿಮಾನದ ಕರೆಂಟು ಪೂರ್ತಿ ಹೋದರೂ 4 ಗಂಟೆಯವರೆಗೆ ನಡೆಯುತ್ತದೆ ಅನ್ನುತ್ತಾರೆ ತಯಾರಕರು. ಜಕ್ಕೂರಿನಿಂದ ಶಿವಮೊಗ್ಗ ವಿಮಾನ ನಿಲ್ದಾಣವಿರುವ ಸೋಗಾನೆಗೆ ನೇರ ದಾರಿ ಸುಮಾರು 125 ನಾಟಿಕಲ್ ಮೈಲಿ, ನಿಮ್ಮ 172ಕ್ಕೆ ಒಂದು ಗಂಟೆ ಚಿಲ್ಲರೆ. ಬ್ಯಾಟರಿ ಸಾಕಷ್ಟಾಯಿತು. ಹಳೆಯ ವೇಗ ಮತ್ತು ಎತ್ತರದ ಮೀಟರುಗಳನ್ನು ಮಾತ್ರ ತೆಗೆಸಬೇಡಿ. ಅವು ಯಾರ ಕರೆಂಟನ್ನೂ ಕೇಳುವುದಿಲ್ಲ.

ಇನ್ನು ತಂತಿಯ ವಿಷಯ. ಇದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ಹ್ಯಾಂಗರಿನಲ್ಲಿ ನಿಮ್ಮದೇ ವಯಸ್ಸಿನ ಒಂದು ವಿಮಾನಕ್ಕೆ ಹೊಸ ಪರದೆ ಕೂರಿಸಿದೆವು. ಮಾಲೀಕರು ದುಡ್ಡೆಲ್ಲ ಪರದೆಗೇ ಇಟ್ಟಿದ್ದರು, ಎಂಜಿನ್ ಕಡೆಯ ಹಳೆಯ ತಂತಿ ಮುಟ್ಟುವುದು ಬೇಡ ಅಂದರು. ನಾನು ಒಂದು ಸಲ ಹೇಳಿ ಸುಮ್ಮನಾದೆ. ಪರೀಕ್ಷಾ ಹಾರಾಟದಲ್ಲಿ ಬಲಗಡೆ ಸೀಟಿನಲ್ಲಿ ಕೂತಿದ್ದವನು ನಾನೇ. ತುಮಕೂರು ದಾಟಿದ ಮೇಲೆ ರೇಡಿಯೊದಲ್ಲಿ ಧ್ವನಿ ಒಡೆಯತೊಡಗಿತು. ಜಿಪಿಎಸ್ ಆರಿತು, ಮತ್ತೆ ಹತ್ತಿತು, ಮತ್ತೆ ಆರಿತು. ಆಂಪಿಯರ್ ಮೀಟರಿನ ಮುಳ್ಳು ಎಷ್ಟು ಹೊತ್ತಿನಿಂದ ಡಿಸ್ಚಾರ್ಜ್ ಕಡೆ ಬಿದ್ದಿತ್ತೋ ಇಬ್ಬರೂ ನೋಡಿರಲಿಲ್ಲ. ಇಬ್ಬರ ಕಣ್ಣೂ ಹೊಸ ಪರದೆಯ ಮೇಲಿತ್ತು. ರೇಡಿಯೊ ಇಲ್ಲದೆ ವಾಪಸ್ ಬಂದು, ಗೋಪುರದಿಂದ ಹಸಿರು ದೀಪ ನೋಡಿ ಇಳಿದೆವು. ಕೌಲಿಂಗ್ (ಎಂಜಿನ್ ಮುಚ್ಚಳ) ಬಿಚ್ಚಿದರೆ, ಕರೆಂಟು ತಯಾರಿಸುವ ಆಲ್ಟರ್ನೇಟರಿನ ಫೀಲ್ಡ್ ತಂತಿಯ ತುದಿಯಲ್ಲಿ ತಾಮ್ರದ ಹಂಡೆಗೆ ಹಿಡಿಯುವಂಥ ಹಸಿರು ಕಿಲುಬು. ಕೈಯಲ್ಲಿ ಹಿಡಿದರೆ ಉದುರಿತು. ಕೆಲವು ರೂಪಾಯಿಯ ಟರ್ಮಿನಲ್. ಎರಡನೇ ಸಲ, ಮೂರನೇ ಸಲ ಹೇಳಬೇಕಿತ್ತು ಅಂತ ಇವತ್ತಿಗೂ ಅನ್ನಿಸುತ್ತದೆ. ಅದಕ್ಕೇ ನಿಮಗೆ ಇಷ್ಟು ಒತ್ತಿ ಹೇಳುತ್ತಿದ್ದೇನೆ: ಬಜೆಟ್‌ನಲ್ಲಿ ಮೊದಲ ಸಾಲು ಆಲ್ಟರ್ನೇಟರ್, ರೆಗ್ಯುಲೇಟರ್, ಗ್ರೌಂಡ್ ಜೋಡಣೆಗಳು, ಬ್ರೇಕರುಗಳು. ಆಮೇಲೆ ಪರದೆ.

ಸೆಸ್ನಾ 172 ಕರೆಂಟು ವ್ಯವಸ್ಥೆಯನ್ನು 28 ವೋಲ್ಟಿಗೆ ಏರಿಸಿದ್ದು 1978ರ ಮಾದರಿಯಿಂದ. ನಿಮ್ಮದು 14 ವೋಲ್ಟ್. ಸೆಕೆಂಡ್‌ಹ್ಯಾಂಡ್ ರೇಡಿಯೊ ಕೊಳ್ಳುವಾಗ ಇದನ್ನು ಮರೆತವರು ಇದ್ದಾರೆ. ಲೋಡ್ ಲೆಕ್ಕ ಹಾಕಿಸಿ. ನಿರಂತರ ಬಳಕೆ ಆಲ್ಟರ್ನೇಟರ್ ಶಕ್ತಿಯ 80 ಪ್ರತಿಶತ ಮೀರಬಾರದು ಅನ್ನುವುದು ನಮ್ಮ ಕೆಲಸದ ರೂಢಿ. 60 ಆಂಪಿಯರ್‌ನದಾದರೆ 48. ಹಳೆಯ ಲ್ಯಾಂಡಿಂಗ್ ಲೈಟ್ ಒಂದೇ 7 ಆಂಪಿಯರ್ ತಿನ್ನುತ್ತದೆ, ಎಲ್‌ಇಡಿ ಹಾಕಿಸಿದರೆ ಆ ಭಾರ ಬಹಳ ಇಳಿಯುತ್ತದೆ. ಹೊಸ ಉಪಕರಣದಲ್ಲಿ ವೋಲ್ಟೇಜ್ ಎಚ್ಚರಿಕೆ ಇಟ್ಟುಕೊಳ್ಳಲು ಅವಕಾಶವಿದ್ದರೆ 13ಕ್ಕಿಂತ ಕೆಳಗೆ ಬಂದ ಕೂಡಲೇ ಕೂಗುವಂತೆ ಇಡಿಸಿ.

ಎರಡನೆಯದು ನೀವು ಹಾರುವ ಜಾಗ. ಕ್ಯಾಟಲಾಗುಗಳೆಲ್ಲ ಅಮೆರಿಕದವರಿಗಾಗಿ ಬರೆದವು. ಅದರಲ್ಲಿ ಹಾರುತ್ತಾ ಪುಕ್ಕಟೆ ಹವಾಮಾನ ಚಿತ್ರ ಸಿಗುತ್ತದೆ ಅಂತ ಇರುತ್ತದೆ. ಅದು 978 ಮೆಗಾಹರ್ಟ್ಸ್‌ನಲ್ಲಿ ಅಲ್ಲಿನ ನೆಲದ ಗೋಪುರಗಳು ಕಳಿಸುವುದು, ನಮ್ಮಲ್ಲಿ ಆ ಗೋಪುರಗಳೇ ಇಲ್ಲ. ಆಗುಂಬೆ ಮೇಲೆ ಕಟ್ಟಿದ ಮೋಡ ನಿಮ್ಮ ಪರದೆಯಲ್ಲಿ ಕಾಣುವುದಿಲ್ಲ. ಆ ಸೌಲಭ್ಯಕ್ಕೆ ದುಡ್ಡು ಹಾಕಬೇಡಿ. ಎಡಿಎಸ್-ಬಿ (ವಿಮಾನ ತಾನಿರುವ ಜಾಗವನ್ನು ತಾನೇ ಪ್ರಸಾರ ಮಾಡುವ ವ್ಯವಸ್ಥೆ) ಇರುವ ಟ್ರಾನ್ಸ್‌ಪಾಂಡರ್, ಅಂದರೆ ರಾಡಾರಿಗೆ ಉತ್ತರ ಕೊಡುವ ಪೆಟ್ಟಿಗೆ ಹಾಕಿಸುವುದಾದರೆ 1090 ಮೆಗಾಹರ್ಟ್ಸ್‌ನದನ್ನೇ ಕೇಳಿ. ಹೊರದೇಶದಿಂದ ತಂದದ್ದಾದರೆ ಅದರೊಳಗಿನ 24 ಬಿಟ್ ವಿಳಾಸ (ವಿಮಾನದ ಗುರುತಿನ ಸಂಖ್ಯೆ) ನಿಮ್ಮ ವಿಟಿ, ಅಂದರೆ ಭಾರತದ ನೋಂದಣಿಯದ್ದಾಗಿರಬೇಕು.

ಜಿಪಿಎಸ್‌ನಲ್ಲಿ ಮಾತ್ರ ಕಂಜೂಸಿ ಬೇಡ. ಇಸ್ರೊ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ಕಟ್ಟಿದ, ಜಿಪಿಎಸ್ ತಪ್ಪನ್ನು ತಿದ್ದುವ ಉಪಗ್ರಹ ವ್ಯವಸ್ಥೆ ಗಗನ್ ನಮ್ಮ ಆಕಾಶದಲ್ಲಿದೆ. 2015ರಲ್ಲಿ ಲಂಬ ಮಾರ್ಗದರ್ಶನಕ್ಕೂ ಅದಕ್ಕೆ ಮಾನ್ಯತೆ ಸಿಕ್ಕಿತು. 2022ರ ಏಪ್ರಿಲ್‌ನಲ್ಲಿ ಕಿಶನ್‌ಗಢದಲ್ಲಿ ಇಂಡಿಗೊ ವಿಮಾನ ಗಗನ್ ನೆರವಿನಿಂದಲೇ ಇಳಿಯಿತು. ಆ ಸಂಕೇತ ಹಿಡಿಯುವ ರಿಸೀವರ್ ಇರುವ ಜಿಪಿಎಸ್ ಕೊಳ್ಳಿ. ಆದರೆ ಪೆಟ್ಟಿಗೆ ಇದ್ದ ಮಾತ್ರಕ್ಕೆ ಇಳಿಯಲು ಬರುವುದಿಲ್ಲ. ನೀವು ಇಳಿಯುವ ನಿಲ್ದಾಣಕ್ಕೆ ಪ್ರಕಟಿಸಿದ ಇಳಿಯುವ ವಿಧಾನ ಇರಬೇಕು, ಅದು ನಿಮ್ಮ ಜಿಪಿಎಸ್ ಡೇಟಾಬೇಸಿನಲ್ಲಿರಬೇಕು, ನಿಮ್ಮ ಲೈಸೆನ್ಸಿನಲ್ಲಿ ಅದಕ್ಕೆ ಬೇಕಾದ ರೇಟಿಂಗ್ ಇರಬೇಕು.

ಗುಡ್ಡ ತೋರಿಸುವ ಟೆರೇನ್ ಚಿತ್ರ ನಮ್ಮ ಕಡೆಗೆ ನಿಜಕ್ಕೂ ಬೇಕು. ಶಿವಮೊಗ್ಗ ಸಮುದ್ರ ಮಟ್ಟದಿಂದ ಸುಮಾರು 1,900 ಅಡಿ. ಅಲ್ಲಿಂದ ಪಶ್ಚಿಮಕ್ಕೆ ಸ್ವಲ್ಪ ಹೋದರೆ ಕೊಡಚಾದ್ರಿ 4,400 ಅಡಿ, ದಕ್ಷಿಣಕ್ಕೆ ತಿರುಗಿದರೆ ಮುಳ್ಳಯ್ಯನಗಿರಿ 6,300. ಜೂನ್‌ನಲ್ಲಿ ಮೋಡ ಅದಕ್ಕಿಂತ ಕೆಳಗೆ ಕೂತಿರುತ್ತದೆ. ಪರದೆಯಲ್ಲಿ ಗುಡ್ಡ ಕಾಣುತ್ತದೆಂದು ಮೋಡದ ಕೆಳಗೆ ಕಣಿವೆ ಹಿಡಿದು ನುಗ್ಗುವುದಕ್ಕೆ ಅಲ್ಲ ಅದು. ದಯವಿಟ್ಟು ಹಾಗೆ ಮಾಡಬೇಡಿ. ಬೇಗ ಹಿಂತಿರುಗುವುದಕ್ಕೆ ಅದು.

ಅದೇ ಕಾರಣಕ್ಕೆ ಇಎಲ್‌ಟಿ, ಅಂದರೆ ವಿಮಾನ ಬಿದ್ದರೆ ಎಲ್ಲಿದೆ ಅಂತ ಸಂಕೇತ ಕಳಿಸುವ ಪೆಟ್ಟಿಗೆ ನೋಡಿಸಿ. ಪ್ಯಾನೆಲ್ ಬಿಚ್ಚಿದಾಗ ಅದರ ಸ್ವಿಚ್ಚಿನ ತಂತಿ ಎಳೆಯುವುದು ಸುಲಭ. ಹಳೆಯ 121.5 ಮೆಗಾಹರ್ಟ್ಸ್ ಮಾತ್ರ ಇರುವುದಾದರೆ ಉಪಗ್ರಹಗಳು ಅದನ್ನು ಕೇಳುವುದನ್ನು 2009ರ ಫೆಬ್ರವರಿ 1ಕ್ಕೇ ನಿಲ್ಲಿಸಿವೆ. 406 ಮೆಗಾಹರ್ಟ್ಸ್‌ನದು ಬೇಕು, ಬೆಂಗಳೂರಿನಲ್ಲಿ ಇಸ್ರೊ ನಡೆಸುವ ಕೇಂದ್ರದಲ್ಲಿ ನೋಂದಣಿಯಾಗಿರಬೇಕು. ಶರಾವತಿ ಕಣಿವೆಯ ಕಾಡು ನೋಡಿದವರಿಗೆ ಗೊತ್ತು, ಅಲ್ಲಿ ತಪ್ಪಿಸಿಕೊಂಡ ದನವನ್ನು ಹುಡುಕುವುದೇ ಎಷ್ಟು ಕಷ್ಟ ಅಂತ. ಮೇಲಿನಿಂದ ಬರೀ ಹಸಿರು.

ಕಾಗದದ ಕೆಲಸ: ನೀವು ಆರಿಸಿದ ಉಪಕರಣದ ಎಸ್‌ಟಿಸಿಯಲ್ಲಿ (ವಿಮಾನದಲ್ಲಿ ಬದಲಾವಣೆ ಮಾಡಲು ಕೊಡುವ ಅನುಮತಿ ಪತ್ರ) ನಿಮ್ಮ ಮಾದರಿ ಇದೆಯೇ ನೋಡಿ. ಅಮೆರಿಕದ ವಿಮಾನಯಾನ ನಿಯಂತ್ರಕ ಎಫ್‌ಎಎ ಕೊಟ್ಟ ಎಸ್‌ಟಿಸಿ ಇದ್ದರೂ ಇಲ್ಲಿಯ ನಿಯಂತ್ರಕ ಡಿಜಿಸಿಎ ಒಪ್ಪಬೇಕು. ಒಪ್ಪಿಗೆ ಬರುವ ಮೊದಲು ಪ್ಯಾನೆಲ್‌ಗೆ ಗರಗಸ ಹಾಕಿಸಬೇಡಿ. ರೇಡಿಯೊ, ಟ್ರಾನ್ಸ್‌ಪಾಂಡರ್ ಬದಲಾದರೆ ರೇಡಿಯೊ ಲೈಸೆನ್ಸಿನಲ್ಲೂ ಬದಲಾಗಬೇಕು. ಹೊಸ ತೂಕದ ದಾಖಲೆ, ಫ್ಲೈಟ್ ಮ್ಯಾನುಯಲ್‌ಗೆ ಸೇರಿಸುವ ಪುಟಗಳು, ಹೊಸ ತಂತಿಗಳ ನಕ್ಷೆ ಇವು ಕೈಗೆ ಬರದೆ ಕೊನೆಯ ಕಂತು ಕೊಡಬೇಡಿ. ನಕ್ಷೆಯಿಲ್ಲದ ಪ್ಯಾನೆಲ್ ರಿಪೇರಿಗೆ ಬಂದರೆ ನಮ್ಮಂಥವರು ದಿನಗಟ್ಟಲೆ ತಂತಿ ಹುಡುಕುತ್ತಾ ಕೂರಬೇಕು, ಅದರ ಕೂಲಿ ನಿಮ್ಮದೇ. ಕೂಲಿಯ ಮಾತು ಬಂತು: ನನ್ನ ಅನುಭವದಲ್ಲಿ ಪೆಟ್ಟಿಗೆಗಳ ಬೆಲೆಯಷ್ಟೇ ಜೋಡಣೆಗೂ ಹೋಗುತ್ತದೆ.

ಪ್ಯಾನೆಲ್ ಕತ್ತರಿಸುವ ಮೊದಲು ರಟ್ಟಿನಲ್ಲಿ ಒಂದು ಮಾಡಿ. ಉಪಕರಣಗಳ ಅಳತೆಗೆ ತಕ್ಕ ಕಾಗದ ಅಂಟಿಸಿ, ವಿಮಾನದಲ್ಲಿ ಕೂತು, ಬೆಲ್ಟ್ ಹಾಕಿಕೊಂಡು, ನಿಮ್ಮ ಕನ್ನಡಕದಲ್ಲೇ ನೋಡಿ. ಮನೆಯಲ್ಲಿ ಹಾರಿಸುವವರೆಲ್ಲ ಒಬ್ಬೊಬ್ಬರಾಗಿ ಕೂತು ನೋಡಲಿ. ಅರ್ಧ ಗಂಟೆ ಕಣ್ಣುಮುಚ್ಚಿ ಬ್ರೇಕರ್, ಗುಂಡಿ ತಡಕಿ. ಕೈ ಎಲ್ಲಿ ತಾನಾಗಿ ಹೋಗುತ್ತದೋ ಅಲ್ಲಿ ಗುರುತು ಹಾಕಿ. ಈ ಒಂದು ಸಂಜೆಯ ಕೆಲಸದಲ್ಲಿ ಎರಡು ಮೂರು ತಪ್ಪು ಸಿಕ್ಕೇ ಸಿಗುತ್ತವೆ.

ಕಾಲ ನೋಡಿ ಕೆಲಸಕ್ಕೆ ಬಿಡಿ. ಹೇಗೂ ಮಳೆಗಾಲದಲ್ಲಿ ಈ ಕಡೆ ಹಾರಾಟ ಕಡಿಮೆ. ಒಪ್ಪಿಗೆ, ಸಾಮಾನು ಎರಡೂ ಕೈಯಲ್ಲಿದ್ದರೆ ಮೇ ಕೊನೆಗೆ ಹ್ಯಾಂಗರಿಗೆ ಹಾಕಿ, ದೀಪಾವಳಿಗೆ ತೆಗೆಯುವಂತೆ ಯೋಜಿಸಿ. ಮತ್ತೆ ಶಿವಮೊಗ್ಗದಲ್ಲಿ ನಾಲ್ಕು ದಿನ ನಿಲ್ಲಿಸಿದರೆ, ವೇಗ ಅಳೆಯಲು ಎದುರುಗಾಳಿ ಹಿಡಿಯುವ ಪಿಟೋ ಕೊಳವೆಗೆ ಕವರ್ ಹಾಕದೆ ಹೋಗಬೇಡಿ. ಕುಂಬಾರ ಹುಳ ನಮ್ಮ ಬಾಗಿಲ ಸಂದಿಯಲ್ಲಿ ಮಣ್ಣಿನ ಗೂಡು ಕಟ್ಟಿದಷ್ಟೇ ಸಲೀಸಾಗಿ ಅದರೊಳಗೂ ಕಟ್ಟುತ್ತದೆ. 1996ರಲ್ಲಿ ಡೊಮಿನಿಕನ್ ಗಣರಾಜ್ಯದಲ್ಲಿ ಬಿರ್ಗೆನ್‌ಏರ್‌ನ ಬೋಯಿಂಗ್ 757 ಬಿದ್ದು 189 ಜನ ಹೋದರು. ಮುಚ್ಚಿಹೋದ ಪಿಟೋ ಕೊಳವೆ, ಅದಕ್ಕೆ ಬಹುಶಃ ಇಂಥದೇ ಹುಳದ ಗೂಡು ಕಾರಣ ಅಂದರು. ಎಷ್ಟು ಬೆಲೆಬಾಳುವ ಪರದೆಯಾದರೂ ವೇಗ ಓದುವುದು ಅದೇ ತೂತಿನಿಂದ.

ಎಲ್ಲ ಮುಗಿದ ಮೇಲೆ ಪಿಟೋ-ಸ್ಟ್ಯಾಟಿಕ್ (ಗಾಳಿಯ ಒತ್ತಡ ತರುವ ಕೊಳವೆಗಳ) ಸೋರಿಕೆ ಪರೀಕ್ಷೆ, ಕಂಪಾಸ್ ಸ್ವಿಂಗ್ (ದಿಕ್ಸೂಚಿಯ ತಪ್ಪು ಅಳೆದು ತಿದ್ದುವುದು) ಆಗಲಿ. ಆಮೇಲೆ ಬಿಸಿಲಿರುವ ದಿನ ನಿಮ್ಮ ಇನ್‌ಸ್ಟ್ರಕ್ಟರ್ ಜೊತೆ ಹೋಗಿ ಒಂದೊಂದೇ ಪರದೆ ಆಫ್ ಮಾಡಿ ಅಭ್ಯಾಸ ಮಾಡಿ.

ಸದ್ಯಕ್ಕೆ ಎರಡು ವಿಷಯ ತಿಳಿಸಿ: ಆಲ್ಟರ್ನೇಟರಿನ ತಗಡಿನ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ, ವ್ಯಾಕ್ಯೂಮ್ ಪಂಪು ಕೊನೆಯ ಸಲ ಬದಲಿಸಿ ಎಷ್ಟು ಗಂಟೆ ಆಯಿತು. ಲಾಗ್‌ಬುಕ್ಕಿನಲ್ಲಿ ಇರುತ್ತದೆ. ಅದು 500 ಗಂಟೆ ದಾಟಿದ್ದರೆ ಹೊಸ ಪ್ಯಾನೆಲ್‌ಗೆ ಕಾಯಬೇಡಿ, ಮುಂದಿನ ಹಾರಾಟಕ್ಕೆ ಮೊದಲೇ ಅದನ್ನು ತೋರಿಸಿ.