ಹಿಮ ಬೀಳುವ ನಾಡಿನಲ್ಲಿ ಚಳಿಗಾಲದ ಜಿಂಕೆ ಬೇಟೆಗೆ ಹೋದವರು ನಳಿಗೆಯ ಬಾಯಿಂದ ಮದ್ದು ತುಂಬಿದ ಹಳೇ ಬಗೆಯ ಕೋವಿಯನ್ನು ರಾತ್ರಿ ಬೆಚ್ಚಗಿನ ಮನೆಯೊಳಗೆ ಯಾಕೆ ತರುವುದಿಲ್ಲ?

ಒಳಗೆ ತಂದರೆ ಕೋವಿ ಬೆವರುತ್ತದೆ, ಮದ್ದು ತೇವವಾಗುತ್ತದೆ. ಮರುದಿನ ಕೋವಿಯ ಕುದುರೆ (ಟ್ರಿಗರ್) ಎಳೆದರೆ ಬರೀ ಟಿಕ್ ಎಂಬ ಸದ್ದು.

ಫ್ರಿಜ್ಜಿನಿಂದ ತೆಗೆದ ಬಾಟಲಿಯ ಮೈಮೇಲೆ ಹನಿ ಮೂಡುವುದನ್ನು ನೋಡಿರುತ್ತೀರಿ. ದಿನವಿಡೀ ಹಿಮದಲ್ಲಿದ್ದ ನಳಿಗೆಗೂ ಇದೇ ಗತಿ: ಕೋಣೆಯ ಗಾಳಿಯಲ್ಲಿರುವ ಆವಿ ತಣ್ಣನೆಯ ಲೋಹಕ್ಕೆ ತಾಗಿ ನೀರಾಗುತ್ತದೆ. ತೋಟಾ ಕೋವಿಯಲ್ಲಾದರೆ ಮದ್ದು ಮುಚ್ಚಿದ ತೋಟಾದೊಳಗೆ ಭದ್ರ. ನಳಿಗೆಯ ಬಾಯಿಂದ ಮದ್ದು ತುಂಬುವ ಕೋವಿಯಲ್ಲಿ ಪೆಟ್ಲುಪ್ಪು, ಇದ್ದಿಲು, ಗಂಧಕ ಬೆರೆಸಿದ ಕರಿಮದ್ದು ನೇರ ನಳಿಗೆಯಲ್ಲೇ ಕೂತಿರುತ್ತದೆ. ಬೆಳಿಗ್ಗೆ ಮತ್ತೆ ಚಳಿಗೆ ಒಯ್ದರೆ ಆ ತೇವ ಬೆಂಕಿ ದಾಟುವ ಸಣ್ಣ ತೂತಿನಲ್ಲೇ ಹೆಪ್ಪುಗಟ್ಟಲೂಬಹುದು.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಕ್ರಿಸ್‌ಮಸ್ ಆದ ಮೇಲೆ ಚಕಮಕಿ ಕಲ್ಲಿನ ಕೋವಿಗೆಂದೇ ಜಿಂಕೆ ಬೇಟೆಯ ಅವಧಿ ಇದೆ. (ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ.) ಇಂಥ ಕೋವಿಯಲ್ಲಿ ಕಿಡಿ ಬೀಳುವ ಪುಟ್ಟ ಮದ್ದಿನ ಬಟ್ಟಲು ಹೊರಗೇ ಇರುವುದರಿಂದ ತೇವದ ಕಾಟ ಇನ್ನೂ ಹೆಚ್ಚು. ಹಾಗಾಗಿ ಬಟ್ಟಲಿನ ಮದ್ದು ತೆಗೆದು, ಕೋವಿಯನ್ನು ಬೀಗ ಹಾಕಿದ ತಣ್ಣನೆಯ ಶೆಡ್ಡಿನಲ್ಲೇ ಇಟ್ಟು, ಬೆಳಿಗ್ಗೆ ಹೊಸ ಮದ್ದು ಹಾಕುತ್ತಾರೆ. ಹಿಮ ಬೀಳುವಾಗ ಬಟ್ಟಲಿರುವ ಭಾಗದ ಮೇಲೊಂದು ತೊಗಲಿನ ಮುಸುಕು. ಅದಕ್ಕೆ ಅವರಿಟ್ಟ ಹೆಸರು ‘ಕೌಸ್ ನೀ’, ಹಸುವಿನ ಮೊಣಕಾಲು!

ಒಳಗೆ ತರಲೇಬೇಕೆಂದರೆ ಮೊದಲು ಮಣ್ಣಿನ ದಿಬ್ಬಕ್ಕೆ ಹಾರಿಸಿ ಖಾಲಿ ಮಾಡಿ, ಅದೇ ರಾತ್ರಿ ನಳಿಗೆ ತೊಳೆದು ಒರೆಸಬೇಕು. ಕರಿಮದ್ದಿನ ಮಸಿ ಬೇಗ ತುಕ್ಕು ಹಿಡಿಸುತ್ತದೆ.