ಓದುಗರ ಪ್ರಶ್ನೆಗಳು: ಶರತ್ಕಾಲದ ಹಕ್ಕಿಗಳು ಮತ್ತು ರಾಮೇಶ್ವರದ ಕೆಸರು ದಂಡೆ

ಗೌರಿ ಹಬ್ಬ ಕಳೆಯುತ್ತಿದ್ದಂತೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ವಲಸೆ ಹಕ್ಕಿಗಳ ವಿಚಾರವೇ ಹೆಚ್ಚಾಗುತ್ತದೆ. ಈ ಸಲ ಬೆಂಗಳೂರಿನ ಐವರು ಓದುಗರ ಪ್ರಶ್ನೆಗಳನ್ನು ಒಟ್ಟಿಗೆ ತೆಗೆದುಕೊಂಡಿದ್ದೇನೆ. ಮೊದಲನೆಯದು ರಾಮೇಶ್ವರ ದ್ವೀಪವನ್ನು ಕುರಿತದ್ದು; ಉಳಿದವುಗಳ ಉತ್ತರ ಹುಡುಕುತ್ತ ಹೋದಾಗಲೂ ಮತ್ತೆ ಮತ್ತೆ ಅದೇ ದಂಡೆಗೆ ಬಂದು ನಿಂತೆ.

ಪ್ರಶ್ನೆ: ಕಾರ್ತಿಕ ಮಾಸದಲ್ಲಿ ತಾಯಿಯವರನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ದರ್ಶನ, ತೀರ್ಥಸ್ನಾನಗಳ ನಡುವೆ ಒಂದೆರಡು ಹೊತ್ತು ಹಕ್ಕಿ ನೋಡಲು ಬಿಡುವು ಸಿಗಬಹುದು. ಎಲ್ಲಿಗೆ, ಯಾವಾಗ ಹೋಗಬೇಕು? ರಾಜಹಂಸಗಳು (ಫ್ಲೆಮಿಂಗೊ) ಕಾಣಸಿಗುತ್ತವೆಯೇ? — ಬಸವನಗುಡಿಯ ಓದುಗರು

ಉತ್ತರ: ಒಂದೆರಡು ಹೊತ್ತು ಸಾಕು, ಆದರೆ ಆ ಹೊತ್ತನ್ನು ಆರಿಸಿಕೊಳ್ಳುವಾಗ ಎಚ್ಚರ ಬೇಕು. ಊರಿನಿಂದ ಧನುಷ್ಕೋಡಿಯತ್ತ ಹೊರಟ ರಸ್ತೆ ಮುಂದೆ ಸಾಗಿದಂತೆ ಕಿರಿದಾದ ಮರಳಿನ ನಾಲಿಗೆಯ ಮೇಲೆ ಹಾದುಹೋಗುತ್ತದೆ; ಎಡಕ್ಕೆ ಪಾಕ್ ಕೊಲ್ಲಿ, ಬಲಕ್ಕೆ ಮನ್ನಾರ್ ಕೊಲ್ಲಿ. ಅಲೆಯ ಅಬ್ಬರವಿಲ್ಲದ ಮೊದಲನೆಯದನ್ನು ಅಲ್ಲಿನವರು ಹೆಣ್ಣುಕಡಲೆಂದೂ, ಮೊರೆಯುವ ಎರಡನೆಯದನ್ನು ಗಂಡುಕಡಲೆಂದೂ ಕರೆಯುತ್ತಾರೆ. ಹಕ್ಕಿ ನೋಡುವವರ ಲೆಕ್ಕವೂ ಬಹುಮಟ್ಟಿಗೆ ಇದೇ. ಗಂಡುಕಡಲಿನ ದಂಡೆಯಲ್ಲಿ, ಅಲೆ ಹಿಂದಕ್ಕೆ ಸರಿದೊಡನೆ ಅದರ ಬೆನ್ನಟ್ಟಿ ಓಡಿ ಅದು ತಿರುಗಿದೊಡನೆ ತಾನೂ ತಿರುಗಿ ಓಡುವ ಸ್ಯಾಂಡರ್ಲಿಂಗ್‌ನಂಥ ಕೆಲವೇ ಜಾತಿಗಳಿಗೆ ಬದುಕು ಸಾಧ್ಯ. ಉಳಿದವನ್ನೆಲ್ಲ ಹುಡುಕಬೇಕಾದದ್ದು ಹೆಣ್ಣುಕಡಲಿನ ತೆಳುನೀರಿನಲ್ಲಿ, ರಸ್ತೆಯ ಪಕ್ಕದ ಉಪ್ಪುನೀರಿನ ಹೊಂಡಗಳಲ್ಲಿ, ಕೋದಂಡರಾಮ ದೇವಾಲಯದ ಸುತ್ತಲಿನ ಕೆಸರು ಬಯಲಿನಲ್ಲಿ.

ಇನ್ನು ಹೊತ್ತಿನ ವಿಚಾರ. ರಸ್ತೆ ಪೂರ್ವಕ್ಕೆ ಹೋಗುವುದರಿಂದ ಬೆಳಗ್ಗೆ ಬಿಸಿಲು ಕಣ್ಣಿಗೇ ಹೊಡೆಯುತ್ತದೆ, ನೀರಿನ ಮೇಲಿನ ಹಕ್ಕಿಯೆಲ್ಲ ಕಪ್ಪು ಬೊಟ್ಟಾಗಿ ಕಾಣುತ್ತದೆ. ಆದ್ದರಿಂದ ಬೆಳಗಾದರೆ ನೇರವಾಗಿ ತುದಿಯವರೆಗೆ ಹೋಗಿ, ಹಿಂದಿರುಗುವಾಗ ನಿಂತು ನಿಂತು ನೋಡಿ. ಮಧ್ಯಾಹ್ನದ ಮೇಲಾದರೆ ಹೋಗುವಾಗಲೇ ನೋಡಿಕೊಳ್ಳಿ. ಮೊದಲ ಸಲ ನಾನು ಡಿಸೆಂಬರಿನ ನಡುಮಧ್ಯಾಹ್ನ ಅಲ್ಲಿ ನಿಂತು, ಬಿಸಿಗಾಳಿಯಲ್ಲಿ ನಡುಗುವ ಬಿಳಿ ಚುಕ್ಕೆಗಳನ್ನು ಒಂದು ಗಂಟೆ ಎಣಿಸಿ, ಅವು ಯಾವ ಹಕ್ಕಿ ಎಂದು ತಿಳಿಯದೆಯೇ ವಾಪಸಾಗಿದ್ದೆ. ಉಬ್ಬರ ಇಳಿತದ ವೇಳೆಯನ್ನೂ ವಿಚಾರಿಸಿಕೊಳ್ಳಿ. ಈ ಭಾಗದಲ್ಲಿ ಅದರ ಏರಿಳಿತ ಒಂದು ಮೀಟರಿಗಿಂತ ಕಡಿಮೆ, ಆದರೆ ನೆಲ ಮಟ್ಟಸವಾಗಿರುವ ಕಡೆ ಒಂದು ಗೇಣು ನೀರು ಇಳಿದರೂ ಎಕರೆಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ನೀರು ಇಳಿದಾಗ ಹಕ್ಕಿಗಳು ಚದುರಿ ಮೇಯುತ್ತವೆ. ಏರಿದಾಗ ಎತ್ತರದ ಮರಳುದಿಬ್ಬದಲ್ಲಿ ಒತ್ತಾಗಿ, ಎಲ್ಲವೂ ಗಾಳಿಗೆ ಎದುರಾಗಿ ನಿಲ್ಲುತ್ತವೆ. ಎಣಿಸಲು ಎರಡನೆಯದು ಅನುಕೂಲ, ಹಕ್ಕಿಯ ಬದುಕನ್ನು ನೋಡಲು ಮೊದಲನೆಯದು.

ರಾಜಹಂಸಗಳ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದೇ ಹೇಳಬೇಕಾಗಿದೆ. ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಅಲ್ಲಿ ಹಿಂಗಾರು ಮಳೆ. ಹೊಂಡಗಳು ತುಂಬಿ, ಉಪ್ಪು ತಿಳಿಯಾಗಿ, ರಾಜಹಂಸ ತಲೆಕೆಳಗು ಮಾಡಿ ಕೊಕ್ಕಿನಿಂದ ಸೋಸಿಕೊಳ್ಳುವ ಸಣ್ಣ ಜೀವಿಗಳು ನೀರಿನಲ್ಲಿ ಹರಡಿಹೋಗಿರುತ್ತವೆ. ಮಳೆ ನಿಂತು ನೀರು ಇಂಗಿ ಮೊಳಕಾಲಿನ ಮಟ್ಟಕ್ಕೆ ಬಂದಾಗ, ಅಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ, ಹಿಂಡುಗಳು ಹೆಚ್ಚುತ್ತವೆ. 2025ರ ಜೂನ್‌ನಲ್ಲಿ ತಮಿಳುನಾಡು ಸರ್ಕಾರ ಧನುಷ್ಕೋಡಿಯ ಈ ಜೌಗನ್ನು ರಾಜಹಂಸಗಳ ಅಭಯಾರಣ್ಯವೆಂದು ಘೋಷಿಸಿದೆ. ಕಾರ್ತಿಕದಲ್ಲಿ ಹತ್ತಿಪ್ಪತ್ತು ಕಂಡರೆ ಅದನ್ನು ಪ್ರಸಾದವೆಂದು ಸ್ವೀಕರಿಸಿ.

ಅದರ ಬದಲು ತುದಿಯ ಮರಳಿನಲ್ಲಿ ಕ್ರ್ಯಾಬ್ ಪ್ಲೋವರ್ ಇದೆಯೇ ನೋಡಿ. ಕಪ್ಪು ಬಿಳುಪಿನ ಮೈ, ನೀಳಗಾಲು, ಏಡಿಯ ಚಿಪ್ಪು ಒಡೆಯಲು ತಕ್ಕ ದಪ್ಪ ಕಪ್ಪು ಕೊಕ್ಕು. ದಂಡೆಹಕ್ಕಿಗಳಲ್ಲಿ ಮರಳಿನೊಳಗೆ ಬಿಲ ತೋಡಿ, ಅದರಲ್ಲಿ ಒಂದೇ ಒಂದು ಬಿಳಿ ಮೊಟ್ಟೆಯಿಟ್ಟು, ಕಾವಿನ ಬಹುಪಾಲನ್ನು ಬಿಸಿ ಮರಳಿಗೇ ಬಿಡುವುದು ಇದೊಂದೇ. ಇದರ ಸಂತಾನದ ನೆಲೆಗಳು ಹೆಚ್ಚಾಗಿ ಅರಬ್ಬೀ ಸಮುದ್ರ, ಕೆಂಪು ಸಮುದ್ರಗಳ ಬಿಸಿ ದಂಡೆಗಳಲ್ಲಿವೆ. ರಾಮಸೇತುವಿನ ಮರಳುದಿಬ್ಬಗಳಲ್ಲಿಯೂ ಮರಿ ಮಾಡಿದ್ದುಂಟು. ಆ ದಿಬ್ಬಗಳ ಸಾಲು ಸುಮಾರು 30 ಕಿಲೋಮೀಟರ್ ಸಾಗಿ ಶ್ರೀಲಂಕೆಯ ಮನ್ನಾರ್ ದ್ವೀಪವನ್ನು ಮುಟ್ಟುತ್ತದೆ. ಅಲ್ಲಿಂದ ಒಳನಾಡಿಗೆ ಹೋಗುವ ದಾರಿಯಲ್ಲಿ ವಂಕಾಲೈ ಎಂಬ ಜೌಗು ಪ್ರದೇಶವಿದ್ದು, 2008ರಲ್ಲಿ ಅಭಯಾರಣ್ಯವಾಗಿ, 2010ರಲ್ಲಿ ಜಗತ್ತಿನ ಮಹತ್ವದ ಜೌಗುಗಳ ರಾಮ್ಸರ್ ಪಟ್ಟಿಗೆ ಸೇರಿತು. ಸೂಜಿಬಾಲದ ಬಾತುಗಳೂ ವಿಜನ್ ಬಾತುಗಳೂ ಚಳಿಗಾಲದಲ್ಲಿ ಅಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. ಎರಡು ದೇಶಗಳ ಈ ಎರಡು ದ್ವೀಪಗಳು ಹಕ್ಕಿಗಳ ಮಟ್ಟಿಗೆ ಒಂದೇ ಹೊಲದ ಎರಡು ಬದುಗಳು.

ತಾಯಿಯವರಿಗೆ ಬಿಸಿಲಿನಲ್ಲಿ ನಿಲ್ಲುವುದು ಕಷ್ಟವಾದರೆ ರೈಲಿನಲ್ಲಿಯೇ ಹೋಗಿ. 1914ರ ಹಳೆಯ ಪಾಂಬನ್ ಸೇತುವೆಯ ಬದಲಿಗೆ 2025ರ ಏಪ್ರಿಲ್‌ನಲ್ಲಿ ತೆರೆದ ಹೊಸ ಸೇತುವೆಯ ಮೇಲೆ ಕಿಟಕಿ ಪಕ್ಕ ಕುಳಿತರೆ, ಮೀನಿನ ದೋಣಿಗಳ ಮೇಲೆ ಸುತ್ತುವ ಗರುಡಗಳನ್ನು ಕುಳಿತಲ್ಲಿಂದಲೇ ಕೈಮುಗಿದು ನೋಡಬಹುದು.

ಪ್ರಶ್ನೆ: ಕಳೆದ ವರ್ಷ ನಾನು ಅದೇ ದಂಡೆಯಲ್ಲಿ ಸಣ್ಣ ಹಕ್ಕಿಗಳನ್ನು ಕಂಡೆ, ಎಲ್ಲವೂ ಬೂದು ಬಣ್ಣ, ಎಲ್ಲವೂ ಒಂದೇ ಥರ. ಪುಸ್ತಕದಲ್ಲಿ ಬಣ್ಣಬಣ್ಣದ ಚಿತ್ರಗಳಿವೆ. ಗುರುತಿಸುವುದು ಹೇಗೆ? — ವಿಜಯನಗರದ ಓದುಗರು

ಉತ್ತರ: ಪುಸ್ತಕದ ಬಣ್ಣ ಸಂತಾನದ ಕಾಲದ್ದು. ಈ ಹಕ್ಕಿಗಳ ‘ಶರತ್ಕಾಲ’ ನಮ್ಮ ಆಷಾಢ ಶ್ರಾವಣಗಳಲ್ಲಿಯೇ ಆರಂಭವಾಗುತ್ತದೆ; ಜುಲೈ ಕೊನೆ, ಆಗಸ್ಟ್‌ನಲ್ಲಿ ಬಂದಿಳಿಯುವ ದೊಡ್ಡ ಹಕ್ಕಿಗಳ ಎದೆಯಲ್ಲಿ ಇಟ್ಟಿಗೆ ಕೆಂಪು ಇನ್ನೂ ಅಲ್ಲಲ್ಲಿ ಉಳಿದಿರುತ್ತದೆ. ಆ ವರ್ಷದ ಮರಿಗಳು ಅವುಗಳ ಹಿಂದೆ, ತಡವಾಗಿ ಬರುತ್ತವೆ. ದೀಪಾವಳಿಯ ಹೊತ್ತಿಗೆ ಬಹುತೇಕ ಎಲ್ಲವೂ ಬೂದುಬಣ್ಣಕ್ಕೆ ತಿರುಗುತ್ತಿರುತ್ತವೆ. ಹಾಗಾಗಿ ಬಣ್ಣವನ್ನು ಬಿಟ್ಟು ಊಟ ಮಾಡುವ ರೀತಿಯನ್ನು ನೋಡಿ. ಪ್ಲೋವರ್‌ಗಳು ದೊಡ್ಡ ಕಣ್ಣಿನವು, ಕಣ್ಣಿನಿಂದಲೇ ಬೇಟೆಯಾಡುತ್ತವೆ: ನಾಲ್ಕು ಹೆಜ್ಜೆ ಓಡಿ, ತಟ್ಟನೆ ನಿಂತು, ಒಮ್ಮೆ ಕುಕ್ಕಿ, ಮತ್ತೆ ಓಡುತ್ತವೆ. ಸುಮಾರು 25 ಗ್ರಾಂ ತೂಗುವ ಸ್ಟಿಂಟ್ ತಲೆಯೆತ್ತುವುದೇ ಅಪರೂಪ. ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುವ ಬೆರಳಿನಂತೆ ಅದರ ಕೊಕ್ಕು ಕೆಸರಿನ ಮೇಲೆ ಓಡಾಡುತ್ತಿರುತ್ತದೆ. ಕರ್ಲ್ಯೂ ತನ್ನ ಬಾಗಿದ ನೀಳ ಕೊಕ್ಕನ್ನು ಬುಡದವರೆಗೆ ಇಳಿಸಿ, ಕಾಣದ ಹುಳುವನ್ನು ಕೊಕ್ಕಿನ ತುದಿಯ ಸ್ಪರ್ಶದಿಂದಲೇ ಪತ್ತೆಹಚ್ಚುತ್ತದೆ. ಈ ಮೂರು ನಡೆಗಳನ್ನು ಮೊದಲು ಬೇರ್ಪಡಿಸಿಕೊಂಡರೆ ಹೆಸರುಗಳು ನಿಧಾನವಾಗಿ ಒದಗುತ್ತವೆ. ದುರ್ಬೀನು ಎಂಟು ಪಟ್ಟು ಹಿಗ್ಗಿಸುವ 8×42ರದ್ದು ಸಾಕು. ಹೆಚ್ಚು ಹಿಗ್ಗಿಸುವುದನ್ನು ಕೊಂಡರೆ ಕೈ ನಡುಕವೂ ಹಿಗ್ಗುತ್ತದೆ.

ಪ್ರಶ್ನೆ: ಇವೆಲ್ಲವೂ ಸೈಬೀರಿಯದಿಂದ ಬರುತ್ತವೆಯೇ? — ರಾಜಾಜಿನಗರದ ಓದುಗರು

ಉತ್ತರ: ಇಲ್ಲ. ಹಾಗೆ ಬರೆದು ಬರೆದು ರೂಢಿ ಮಾಡಿದವರಲ್ಲಿ ಪತ್ರಿಕೆಯವರಾದ ನಾವೂ ಸೇರಿದ್ದೇವೆ. ಭರತಪುರಕ್ಕೆ ಬರುತ್ತಿದ್ದ ಸೈಬೀರಿಯದ ಬಿಳಿ ಕ್ರೌಂಚದಿಂದ ಆ ಮಾತು ಹಬ್ಬಿರಬೇಕೆಂದು ನನ್ನ ಊಹೆ. ಆ ಕ್ರೌಂಚವೇ 2002ರ ನಂತರ ಅಲ್ಲಿ ಕಾಣಿಸಿಕೊಂಡಿಲ್ಲ, ಮಾತು ಮಾತ್ರ ಉಳಿದಿದೆ. ನಮ್ಮ ದೇಶದ ರಾಜಹಂಸಗಳ ದೊಡ್ಡ ತವರು ಕಚ್ಛಿನ ರಣ್. ಕೊಕ್ಕರೆ ಬೆಳ್ಳೂರಿನ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಊರಿನ ಮರಗಳಲ್ಲಿಯೇ ಗೂಡು ಕಟ್ಟಿ ಮರಿ ಮಾಡುವ ಇಲ್ಲಿಯವೇ ಹಕ್ಕಿಗಳು, ಅವನ್ನು ವಿದೇಶಿ ಅತಿಥಿಗಳೆನ್ನುವುದು ಅನ್ಯಾಯ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಟಿಬೆಟ್, ಮಂಗೋಲಿಯಗಳ ಕಡೆಯದು; ಹಿಮಾಲಯ ದಾಟುವಾಗ ಅದು 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಸ್ಟಿಂಟ್ ಮಾತ್ರ ನೀವು ಹೇಳಿದ ದಿಕ್ಕಿನದು: ಉತ್ತರ ಧ್ರುವದಂಚಿನ ಮರವಿಲ್ಲದ ಬಯಲಿನಲ್ಲಿ ಹುಟ್ಟಿದ್ದು.

ಪ್ರಶ್ನೆ: ನಮ್ಮ ಬಡಾವಣೆಯ ಕೆರೆಯನ್ನು ಹೂಳೆತ್ತಿ, ಸುತ್ತ ಕಲ್ಲು ಕಟ್ಟಿ, ನಡಿಗೆಪಥ ಮಾಡಿದ್ದಾರೆ. ನೀರು ಮೊದಲಿಗಿಂತ ಸ್ವಚ್ಛವಾಗಿದೆ, ಆದರೆ ಮೊದಲು ಬರುತ್ತಿದ್ದ ಗೊರವಗಳು (ಸ್ಯಾಂಡ್‌ಪೈಪರ್) ಮೂರು ವರ್ಷದಿಂದ ಕಾಣುತ್ತಿಲ್ಲ. ಹವಾಮಾನ ಬದಲಾವಣೆ ಕಾರಣವೇ? — ಯಲಹಂಕದ ಓದುಗರು

ಉತ್ತರ: ಕಾರಣ ಅಷ್ಟು ದೂರದಲ್ಲಿ ಇರಲಾರದು. ನಮ್ಮ ಹಳೆಯ ಕೆರೆಗಳು ತಟ್ಟೆಯ ಆಕಾರದವು. ಒಂದು ಕಡೆ ಏರಿ, ತೂಬು, ಆಳವಾದ ನೀರು. ಅದರ ಎದುರು ದಿಕ್ಕಿನಲ್ಲಿ ನೆಲ ಸ್ವಲ್ಪ ಸ್ವಲ್ಪವೇ ಏರುತ್ತ ಹೊಲ ಗದ್ದೆಗಳಲ್ಲಿ ಸೇರಿಹೋಗುವ ಹಿನ್ನೀರು. ಮಳೆಗಾಲ ಮುಗಿದು ನೀರು ಇಳಿದಂತೆ ದಿನಕ್ಕಿಷ್ಟು ಎಂದು ಹೊಸ ಕೆಸರು ತೆರೆದುಕೊಳ್ಳುತ್ತಿತ್ತು, ಗೊರವ ಆ ಅಂಚಿನ ಜೊತೆಯಲ್ಲಿಯೇ ಸರಿಯುತ್ತಿತ್ತು. ಗೊರವದ ಕಾಲಿನ ಉದ್ದ ಎಷ್ಟೋ ಅಷ್ಟೇ ಅದರ ಕೆರೆ. ಅದಕ್ಕಿಂತ ಆಳದ ನೀರು ಎಷ್ಟೇ ತಿಳಿಯಾಗಿದ್ದರೂ ಅದಕ್ಕೆ ನಿಲ್ಲಲು ನೆಲವಲ್ಲ. ಹಿನ್ನೀರನ್ನು ಅಗೆದು ನಾಲ್ಕೂ ಕಡೆ ಏರಿ ಮಾಡಿದಾಗ ತಟ್ಟೆ ಬೋಗುಣಿಯಾಗುತ್ತದೆ. ಬೋಗುಣಿಯಲ್ಲಿ ನೀರು ಹೆಚ್ಚು ಹಿಡಿಯುತ್ತದೆ, ನಾಮದ ಕೋಳಿಗೂ ನೀರುಕಾಗೆಗೂ ಒಪ್ಪುತ್ತದೆ, ನೋಡಲು ಅಚ್ಚುಕಟ್ಟಾಗಿಯೂ ಇರುತ್ತದೆ. ಕೆಸರಂಚು ಮಾತ್ರ ಇರುವುದಿಲ್ಲ. ಧನುಷ್ಕೋಡಿಯಲ್ಲಿ ಮಳೆನೀರು ತುಂಬಿದಾಗ ರಾಜಹಂಸ ದೂರ ಉಳಿಯುವುದಕ್ಕೂ ನಿಮ್ಮ ಕೆರೆಗೆ ಗೊರವ ಬಾರದಿರುವುದಕ್ಕೂ ಕಾರಣ ಒಂದೇ, ಆದರೆ ಅಲ್ಲಿ ಎರಡು ತಿಂಗಳಲ್ಲಿ ನೀರು ತಾನಾಗಿ ಇಳಿಯುತ್ತದೆ.

ಹೂಳೆತ್ತುವುದೇ ತಪ್ಪೆಂದು ನಾನು ಹೇಳುವುದಿಲ್ಲ. ಕೊಳಚೆ ತುಂಬಿದ ಕೆರೆಯನ್ನು ಹಾಗೆಯೇ ಬಿಡಿ ಎನ್ನುವವರ ಜೊತೆ ನನ್ನ ಸಹಮತವಿಲ್ಲ. ಕೆರೆಗೆ ನೀರು ಬರುವ ಕಾಲುವೆಯ ಬಾಯಲ್ಲಿ ನಾಲ್ಕಾರು ಗುಂಟೆಯಷ್ಟು ಜಾಗವನ್ನು ಇಳಿಜಾರಾಗಿ, ಕಲ್ಲು ಕಟ್ಟದೆ ಬಿಟ್ಟುಕೊಟ್ಟರೆ ಸಾಕು, ಹಕ್ಕಿ ಮರಳಿ ಬರುತ್ತದೆ. ಬಡಾವಣೆಯ ಸಂಘದವರು ಮುಂದಿನ ಸಲ ಅರ್ಜಿ ಬರೆಯುವಾಗ ‘ಕೆರೆ ಉಳಿಸಿ’ ಎನ್ನುವ ಬದಲು ಈ ಜಾಗವನ್ನು ನಕ್ಷೆಯಲ್ಲಿ ಗುರುತು ಮಾಡಿಯೇ ಕೇಳಿ. ಅಲ್ಲಿಯವರೆಗೆ, ಕೆರೆಯ ಕೋಡಿಯಿಂದ ಹರಿಯುವ ಕಾಲುವೆಯ ಕಲ್ಲುಗಳ ಮೇಲೆ ಬೂದು ಸಿಪಿಲೆ ಬಾಲ ಕುಣಿಸುತ್ತಿದೆಯೇ ಎಂದು ಸೆಪ್ಟೆಂಬರಿನಲ್ಲಿ ಗಮನಿಸಿ. ಬೆಂಗಳೂರಿಗೆ ಮೊದಲು ಬರುವವುಗಳಲ್ಲಿ ಅದೂ ಒಂದು, ಕೊಳಚೆಯ ಬಗ್ಗೆ ಅದಕ್ಕೆ ಹೆಚ್ಚಿನ ಮಡಿಯಿಲ್ಲ.

ಪ್ರಶ್ನೆ: ನಾನು ಎಂಟನೆಯ ತರಗತಿ. ಮರಿಗಳು ದೊಡ್ಡವರ ಹಿಂದೆ ತಡವಾಗಿ ಬರುತ್ತವೆ ಎಂದು ಓದಿದೆ. ಹಾಗಾದರೆ ಅವಕ್ಕೆ ದಾರಿ ಹೇಳಿಕೊಡುವವರು ಯಾರು? ಇನ್ನೊಂದು: ನಾವು ಪ್ರವಾಸ ಹೋದಾಗ ಒಂದು ಹಕ್ಕಿಯ ಕಾಲಿಗೆ ಬಣ್ಣದ ಪ್ಲಾಸ್ಟಿಕ್ ಕಟ್ಟಿದ್ದು ಕಂಡಿತು. ಯಾಕೆ? — ಮಲ್ಲೇಶ್ವರದ ಓದುಗ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀಯ. ಹೇಳಿಕೊಡುವವರು ಯಾರೂ ಇಲ್ಲ. ಪರ್ಡೆಕ್ ಎಂಬ ಡಚ್ ವಿಜ್ಞಾನಿ, ನಮ್ಮ ಮೈನಾಗಳ ಬಳಗಕ್ಕೆ ಸೇರಿದ 11,000ಕ್ಕೂ ಹೆಚ್ಚು ಸ್ಟಾರ್ಲಿಂಗ್ ಹಕ್ಕಿಗಳನ್ನು ವಲಸೆಯ ನಡುವೆ ಹಾಲೆಂಡಿನಲ್ಲಿ ಹಿಡಿದು, ಸ್ವಿಟ್ಜರ್ಲೆಂಡಿಗೆ ಸಾಗಿಸಿ ಬಿಟ್ಟರು. ಫಲಿತಾಂಶವನ್ನು 1958ರಲ್ಲಿ ಪ್ರಕಟಿಸಿದರು. ಹಿಂದೆ ಒಮ್ಮೆಯಾದರೂ ಪ್ರಯಾಣ ಮಾಡಿದ್ದ ದೊಡ್ಡ ಹಕ್ಕಿಗಳು ತಪ್ಪನ್ನು ತಿದ್ದಿಕೊಂಡು ತಮ್ಮ ಎಂದಿನ ಚಳಿಗಾಲದ ನೆಲೆಯತ್ತ ತಿರುಗಿದವು. ಮರಿಗಳು ಹಾಲೆಂಡಿನಿಂದ ಹೊರಟಿದ್ದರೆ ಯಾವ ದಿಕ್ಕಿಗೆ ಹೋಗಬೇಕಿತ್ತೋ ಅದೇ ದಿಕ್ಕಿಗೆ ಹಾರಿ ಸ್ಪೇನ್ ಸೇರಿದವು. ಅಂದರೆ ದಿಕ್ಕು ಹುಟ್ಟಿನಿಂದ ಬಂದದ್ದು, ಊರಿನ ಗುರುತು ಹೋಗಿ ಬಂದು ಕಲಿತದ್ದು. ದಿಕ್ಕನ್ನು ಹಿಡಿಯಲು ಸೂರ್ಯ, ನಕ್ಷತ್ರ, ಭೂಮಿಯ ಕಾಂತಕ್ಷೇತ್ರ ಮೂರನ್ನೂ ಬಳಸುತ್ತವೆ. 2022ರ ಅಕ್ಟೋಬರಿನಲ್ಲಿ ಗಾಡ್ವಿಟ್ ಎಂಬ ದಂಡೆಹಕ್ಕಿಯ ಸುಮಾರು ಐದು ತಿಂಗಳ ಒಂದು ಮರಿ ಅಲಾಸ್ಕದಿಂದ ಹೊರಟು, ಎಲ್ಲಿಯೂ ಇಳಿಯದೆ 11 ದಿನ ಹಾರಿ, 13,560 ಕಿಲೋಮೀಟರ್ ದೂರದ ಟಾಸ್ಮೇನಿಯ ದ್ವೀಪ ತಲುಪಿತು. ನಿನಗಿಂತ ಎಷ್ಟು ಚಿಕ್ಕದು ನೋಡು.

ಆ ಪ್ರಯಾಣ ತಿಳಿದದ್ದು ಅದರ ಮೈಗೆ ಕಟ್ಟಿದ್ದ ಉಪಗ್ರಹ ಸಾಧನದಿಂದ. ನೀನು ಕಂಡ ಪ್ಲಾಸ್ಟಿಕ್ಕಿನ ಕೆಲಸವೂ ಅಂಥದ್ದೇ, ಖರ್ಚು ಮಾತ್ರ ಕಡಿಮೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ತಮಿಳುನಾಡಿನ ಕೋಡಿಕ್ಕರೈ ಮುಂತಾದ ಕಡೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ತೂಗಿ, ಕಾಲಿಗೆ ಸಂಖ್ಯೆಯಿರುವ ಲೋಹದ ಬಳೆ ತೊಡಿಸಿ ಬಿಡುತ್ತಾರೆ. ದೂರದಿಂದಲೇ ಓದಲೆಂದು ಕೆಲವಕ್ಕೆ ಬಣ್ಣದ ಪಟ್ಟಿಯನ್ನೂ ಹಾಕುತ್ತಾರೆ. ಬೇರೆ ದೇಶಗಳಲ್ಲಿಯೂ ಹೀಗೆ ಮಾಡುತ್ತಾರೆ. ಮುಂದಿನ ಸಲ ಕಂಡಾಗ ಪಟ್ಟಿಯ ಬಣ್ಣ, ಅದರ ಮೇಲಿನ ಅಕ್ಷರ, ಎಡಗಾಲೋ ಬಲಗಾಲೋ, ಹಿಂದಕ್ಕೆ ಮಡಿಯುವ ಕೀಲಿನ ಮೇಲೋ ಕೆಳಗೋ ಎಂಬುದನ್ನು ಬರೆದುಕೋ. ಆ ಕೀಲನ್ನು ಎಲ್ಲರೂ ಮೊಣಕಾಲು ಎನ್ನುತ್ತಾರೆ, ಅದು ಹಕ್ಕಿಯ ಹಿಮ್ಮಡಿಯ ಗಂಟು. ಮೊಣಕಾಲು ಗರಿಯೊಳಗೆ ಅಡಗಿರುತ್ತದೆ. ದಿನಾಂಕ, ಜಾಗ ಮತ್ತು ಫೋಟೋ ಸೇರಿಸಿ ಸೊಸೈಟಿಗೆ ಕಳುಹಿಸು. ಫೋಟೋ ಮಸುಕಾಗಿದ್ದರೂ ಕಳುಹಿಸು, ಆದರೆ ಅಕ್ಷರ ಓದಲೆಂದು ಹತ್ತಿರ ಹೋಗಿ ಹಿಂಡನ್ನು ಎಬ್ಬಿಸಬೇಡ.